ಗುಮಾಸ್ತರ ಕುರ್ಚಿಗೆ ಜಿನೀವಾದ ಕೈಗುಣ

ಪಕ್ಕದಿಂದ ನೋಡಿದರೆ ಕೈವಾರವನ್ನು ಅಗಲಿಸಿ ನಿಲ್ಲಿಸಿದಂತೆ ಕಾಣುವ ಕುರ್ಚಿಯೊಂದಿದೆ. ಅದರ ದಪ್ಪ ತೇಗದ ಕಾಲುಗಳು ಮೇಲೆ, ಕೈಯೂರುವ ಹಲಗೆಯ ಅಡಿಯಲ್ಲಿ ಕೂಡಿಕೊಳ್ಳುತ್ತವೆ, ನೆಲಕ್ಕಿಳಿಯುತ್ತ ದೂರವಾಗುತ್ತವೆ. ಕೂರಲು ಬೆತ್ತದ ಹೆಣಿಗೆ, ಬೆನ್ನಿಗೂ ಬೆತ್ತದ ಹೆಣಿಗೆ, ನಡುವೆ ಗಾಳಿಯಾಡುವಷ್ಟು ಖಾಲಿ ಜಾಗ. ವಿದೇಶದ ಹರಾಜುಗಳಲ್ಲಿ ಈಗ ಲಕ್ಷಗಟ್ಟಲೆ ರೂಪಾಯಿಗೆ ಹೋಗುವ ಈ ಕುರ್ಚಿ ಹುಟ್ಟಿದ್ದು ಚಂಡೀಗಢದ ಸರ್ಕಾರಿ ಗುಮಾಸ್ತರಿಗಾಗಿ.

ಇದರ ಹಿಂದಿದ್ದವರು 1896ರಲ್ಲಿ ಜಿನೀವಾದಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಪಿಯರ್ ಜಾನರೆ, ಚಂಡೀಗಢವನ್ನು ಯೋಜಿಸಿದ ಲ ಕಾರ್ಬೂಸಿಯೆಯ ದಾಯಾದಿ. ಕಾರ್ಬೂಸಿಯೆ ಆಗಾಗ ಬಂದು ಹೋಗುತ್ತಿದ್ದರು. ಜಾನರೆ 1951ರಿಂದ 1965ರವರೆಗೆ ಅಲ್ಲೇ ಉಳಿದರು. ಹೊಸ ಊರಿನ ಸಚಿವಾಲಯ, ಹೈಕೋರ್ಟು, ವಿಶ್ವವಿದ್ಯಾಲಯ ಎಲ್ಲಕ್ಕೂ ಪೀಠೋಪಕರಣ ಬೇಕಿತ್ತು. ಜಾನರೆ, ಯೂಲಿ ಚೌಧರಿ ಮತ್ತಿತರ ಭಾರತೀಯ ಸಹೋದ್ಯೋಗಿಗಳು ನಕ್ಷೆ ಬರೆದರು, ಅಲ್ಲಿನ ಬಡಗಿಗಳು ಕೈಯಿಂದ ಮಾಡಿದರು. ತೇಗಕ್ಕೆ ಗೆದ್ದಲು ಸುಲಭವಾಗಿ ಹತ್ತುವುದಿಲ್ಲ, ಬೆತ್ತ ಸೆಕೆಯಲ್ಲಿ ಬೆನ್ನಿಗೆ ಅಂಟುವುದಿಲ್ಲ. ನಮ್ಮ ಬೇಸಿಗೆಯನ್ನು ಅರಿತು ಮಾಡಿದ ಕೆಲಸ ಇದು. ಜಾನರೆ 1967ರಲ್ಲಿ ತೀರಿಕೊಂಡರು. ಅವರ ಚಿತಾಭಸ್ಮವನ್ನು ಚಂಡೀಗಢದ ಸುಖ್ನಾ ಕೆರೆಯಲ್ಲೇ ಬಿಟ್ಟರು.

ಅಸಲಿ ಕುರ್ಚಿಯನ್ನು ಗುರುತಿಸುವುದು ಹೇಗೆ? ಮೊದಲು ಕಾಲು ನೋಡಿ, ಆಮೇಲೆ ಬಣ್ಣದ ಬರಹ. ಅನೇಕ ಕುರ್ಚಿಗಳ ಮೇಲೆ ಇಲಾಖೆಯ ಹೆಸರು, ದಾಸ್ತಾನು ಸಂಖ್ಯೆಯನ್ನು ಬಣ್ಣದಲ್ಲಿ ಬರೆದಿರುತ್ತಾರೆ. ಆದರೆ ಸಂಖ್ಯೆಯನ್ನು ಯಾರು ಬೇಕಾದರೂ ಬರೆಯಬಹುದು, ಅದೊಂದನ್ನೇ ನೆಚ್ಚಬಾರದು. ಬೇರೆ ಬೇರೆ ಕೈಗಳು ಮಾಡಿದ್ದರಿಂದ ಒಂದೇ ಮಾದರಿಯ ಎರಡು ಕುರ್ಚಿಗಳ ಅಳತೆಯಲ್ಲೂ ಕೊಂಚ ಹೆಚ್ಚುಕಡಿಮೆ ಇರುತ್ತದೆ. ನನಗೆ ಅದೇ ಇದರ ಚೆಲುವು.

ಮುಂದೆ ಈ ಕುರ್ಚಿಗಳನ್ನೇ ಗುಜರಿ ಎಂದು ರಾಶಿ ಹಾಕಿ ಪುಡಿಗಾಸಿಗೆ ಹರಾಜು ಹಾಕಿದರು. ಫ್ರಾನ್ಸಿನ ವ್ಯಾಪಾರಿಗಳು ಕೊಂಡೊಯ್ದು, ತಿಕ್ಕಿ ಪಾಲಿಶ್ ಕೊಟ್ಟು ಮಾರಿದಾಗಲೇ ನಮಗೆ ಎಚ್ಚರವಾಯಿತು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಇವುಗಳ ಮಾರಾಟಕ್ಕೆ ತಡೆ ಹಾಕಿತು. ಅಷ್ಟರಲ್ಲಿ ಬಹಳಷ್ಟು ಹೋಗಿಯಾಗಿತ್ತು.

ಜಾನರೆ ಕುರ್ಚಿಯಲ್ಲಿರುವ ಮಿತವ್ಯಯ ಬೇರೆ ಸ್ವಿಸ್ ವಿನ್ಯಾಸಕಾರರ ಕೆಲಸದಲ್ಲೂ ಕಾಣುತ್ತದೆ. 1939ರ ಜ್ಯೂರಿಕ್ ಪ್ರದರ್ಶನಕ್ಕೆಂದು ಹಾನ್ಸ್ ಕೊರೆ ಮಾಡಿದ ಅಲ್ಯುಮಿನಿಯಂ ಕುರ್ಚಿಯ ಮೈತುಂಬ ತೂತು: ತೂಕ ಇಳಿಯಿತು, ಮಳೆನೀರೂ ನಿಲ್ಲುವುದಿಲ್ಲ. ವಿಲ್ಲಿ ಗೂಲ್ 1954ರಲ್ಲಿ ಸಿಮೆಂಟ್ ಶೀಟಿನ ಒಂದೇ ಪಟ್ಟಿಯನ್ನು ಬಾಗಿಸಿ ತೋಟಕ್ಕೆ ಕುರ್ಚಿ ಮಾಡಿದರು. ಮ್ಯಾಕ್ಸ್ ಬಿಲ್ ಮತ್ತು ಗೆಳೆಯರ ಸ್ಟೂಲಿಗೆ ಮೂರು ಹಲಗೆ, ಒಂದು ದುಂಡು ಕೋಲು ಸಾಕಾಯಿತು.

ಬೆಂಗಳೂರಿನ ಫ್ಯಾಂಟಮ್ ಹ್ಯಾಂಡ್ಸ್ ಕಾರ್ಯಾಗಾರದಲ್ಲಿ ಚಂಡೀಗಢದ ಮಾದರಿಗಳನ್ನು ಇಂದಿಗೂ ತೇಗ, ಬೆತ್ತದಲ್ಲೇ ಕೈಯಿಂದ ಮಾಡುತ್ತಾರೆ. ಹಳೆಯದೆಂದು ಹೇಳಿ ಮಾರುವ ನಕಲಿಗಿಂತ, ಹೊಸದೆಂದೇ ಹೇಳಿ ಮಾಡುವ ಈ ಕೆಲಸಕ್ಕೆ ನನ್ನ ಗೌರವ ಹೆಚ್ಚು.

ವಿಜಯನಗರ ಜಿಲ್ಲೆಯ ಕೊಟ್ಟೂರಿನಂಥ ಊರಲ್ಲಿ ಜಾನರೆ ಕುರ್ಚಿ ಸಿಗಲಿಕ್ಕಿಲ್ಲ. ಆದರೆ ಗುರು ಕೊಟ್ಟೂರೇಶ್ವರನ ತೇರು ಎಳೆಯುವ ಊರಿಗೆ ಮರದ ಕೆಲಸ ಹೊಸತಲ್ಲ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯ ಹಳೆ ಕಚೇರಿ, ಶಾಲೆ, ಮನೆಗಳಲ್ಲೂ ಬೆತ್ತ ಹರಿದ ಕುರ್ಚಿಗಳು ಮೂಲೆ ಹಿಡಿದಿರುತ್ತವೆ. ಅಂಥದ್ದು ಕಂಡರೆ ತಿರುವಿ ಹಾಕಿ ನೋಡಿ: ಸಂದುಗಳು ಮೊಳೆಯ ಮೇಲೆ ನಿಂತಿವೆಯೋ, ಮರಕ್ಕೆ ಮರ ಕಚ್ಚಿದೆಯೋ? ಕಚ್ಚಿದ್ದರೆ ಸೌದೆಗೆ ಹಾಕಬೇಡಿ. ಬೆತ್ತ ಹೆಣೆಯುವವರನ್ನು ಹುಡುಕಿ, ಹೊಸ ಹೆಣಿಗೆ ಹಾಕಿಸಿ. ದಮ್ಮಯ್ಯ, ಹಳೆ ಮರಕ್ಕೆ ಪೇಂಟ್ ಮಾತ್ರ ಬಳಿಸಬೇಡಿ.