ದೇಶಾಂತರದ ಗರಡಿಗಳು

ಮಲ್ಲವಿದ್ಯೆಯು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜವಿನೋದಗಳ ಸಾಲಿನಲ್ಲಿ ಮಲ್ಲವಿನೋದಕ್ಕೂ ಸ್ಥಾನ ಕೊಟ್ಟಿರುವನು. ಮೈಸೂರಿನ ಗರಡಿಮನೆಗಳ ಕೆಮ್ಮಣ್ಣು, ಗೂಡಿನ ಆಂಜನೇಯ, ಉಸ್ತಾದರ ಗದರಿಕೆ, ಇವುಗಳನ್ನು ಕಾಣದ ಹಳಬರು ವಿರಳ. ಆದುದರಿಂದ ಕುಸ್ತಿಯಲ್ಲಿ ಸೋಲೆಂದರೇನೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಬೆನ್ನು ಮಣ್ಣಿಗೆ ತಾಕಿತೆಂದರೆ ಪೈಲ್ವಾನನು ಚಿತ್ತಾದನು, ಪಂದ್ಯ ಮುಗಿಯಿತು.

ಈಗ ನಾವು ಹೇಳಹೊರಟಿರುವ ವಿದ್ಯೆಯಲ್ಲಾದರೋ ಬೆನ್ನು ನೆಲಕ್ಕೆ ತಾಕಿದಲ್ಲಿಂದಲೇ ಆಟವು ಮೊದಲಾಗುವುದು. ಇದಕ್ಕೆ ಬ್ರೆಜಿಲಿನ ಜಿಯು-ಜಿತ್ಸು ಎಂದು ಹೆಸರು. ಕೆಳಗೆ ಬಿದ್ದವನು ತನ್ನೆರಡು ಕಾಲುಗಳಿಂದ ಮೇಲಿನವನ ಸೊಂಟವನ್ನು ಬಳಸಿ ಹಿಡಿದು, ಅವನ ತೋಳನ್ನೋ ಕೊರಳನ್ನೋ ಪಟ್ಟಿಗೆ ಸಿಕ್ಕಿಸಿ, ಬಿದ್ದಲ್ಲಿಂದಲೇ ಗೆಲ್ಲಬಹುದು. ಗುದ್ದುವುದಿಲ್ಲ, ಒದೆಯುವುದಿಲ್ಲ. ಸಿಕ್ಕಿಬಿದ್ದವನು ತನಗೆ ಇನ್ನು ತಡೆಯದೆಂದು ಕಂಡೊಡನೆ ಅಂಗೈಯಿಂದ ಎದುರಾಳಿಯ ಮೈಯನ್ನೋ ನೆಲವನ್ನೋ ಎರಡು ಸಾರಿ ತಟ್ಟಬೇಕು. ತಟ್ಟಿದ ಕ್ಷಣವೇ ಮೇಲಿನವನು ಬಿಡಬೇಕು. ಈ ಒಂದು ನಿಯಮವಿಲ್ಲದಿದ್ದರೆ ಈ ವಿದ್ಯೆಯ ಅಭ್ಯಾಸವೇ ಸಾಧ್ಯವಿಲ್ಲ. ಯಾತಕ್ಕೆಂದರೆ ಇಲ್ಲಿನ ಪಟ್ಟುಗಳು ಕೀಲನ್ನು ಮುರಿಯುವಂಥವು, ಉಸಿರನ್ನು ಕಟ್ಟುವಂಥವು. ಅಪರಿಚಿತನ ಕೈಗೆ ತನ್ನ ಕೊರಳನ್ನು ಕೊಟ್ಟು, ತಟ್ಟಿದರೆ ಬಿಟ್ಟಾನೆಂದು ನಂಬುವುದು ಎಂಥ ನಂಬಿಕೆಯೆಂಬುದನ್ನು ವಾಚಕರೇ ಯೋಚಿಸಲಿ. ಲೋಕದ ನಾನಾ ಭಾಗಗಳ ತರುಣ ತರುಣಿಯರು ಈ ವಿದ್ಯೆಯ ಉಡುಪನ್ನು ಚೀಲದಲ್ಲಿಟ್ಟುಕೊಂಡು ದೇಶದಿಂದ ದೇಶಕ್ಕೆ ಅಲೆಯುತ್ತಿರುವರು. ಹೋದಲ್ಲೆಲ್ಲ ಅವರಿಗೆ ನಂಟರು ದೊರೆಯುತ್ತಿರುವರು. ಇದು ಹೇಗಾಯಿತೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಇದರ ಮೂಲವು ಜಪಾನು. ‘ಜು’ ಎಂದರೆ ಮೃದು. ‘ಜುತ್ಸು’ ಎಂದರೆ ಕಲೆ. ಕಾನೋ ಜಿಗೊರೊ ಎಂಬವರು ಹಳೆಯ ಜುಜುತ್ಸುವಿನ ಪಟ್ಟುಗಳನ್ನು ಸೋಸಿ, 1882ರಲ್ಲಿ ಟೋಕಿಯೋ ನಗರದ ಒಂದು ಬೌದ್ಧ ದೇವಾಲಯದಲ್ಲಿ ಹನ್ನೆರಡು ಚಾಪೆಗಳ ಜಾಗದಲ್ಲಿ ‘ಕೋಡೋಕಾನ್’ ಎಂಬ ಶಾಲೆಯನ್ನು ತೆರೆದು, ತಮ್ಮ ಪದ್ಧತಿಗೆ ‘ಜೂಡೊ’ ಎಂದು ಹೆಸರಿಟ್ಟರು. ಅವರು ವೃತ್ತಿಯಿಂದ ಉಪಾಧ್ಯಾಯರು. ನಾವೂ ಆ ವೃತ್ತಿಯವರೇ ಆದುದರಿಂದ ಇದನ್ನು ತುಸು ಅಭಿಮಾನದಿಂದಲೇ ಬರೆಯುತ್ತಿದ್ದೇವೆ. ತಮ್ಮ ಶಿಷ್ಯರನ್ನು ಪರದೇಶಗಳಿಗೆ ಕಳುಹಿಸಿ ವಿದ್ಯೆಯನ್ನು ಹರಡಬೇಕೆಂಬುದು ಅವರ ಹಂಬಲವಾಗಿತ್ತು. 1929ರಲ್ಲಿ ಕವಿ ರವೀಂದ್ರನಾಥ ಠಾಕೂರರ ಶಾಂತಿನಿಕೇತನಕ್ಕೆ ತಕಗಾಕಿ ಶಿಂಜೊ ಎಂಬ ಜೂಡೊ ಗುರುಗಳು ಬಂದದ್ದೂ ಇದೇ ಹಂಬಲದ ಫಲ. ಅಲ್ಲಿ ಹುಡುಗಿಯರೂ ಕಲಿತರು.

ಆದರೆ ನಮ್ಮ ಕಥೆಗೆ ಸಂಬಂಧಪಟ್ಟವನು ಬೇರೊಬ್ಬ ಶಿಷ್ಯ. ಮಯೇದಾ ಮಿತ್ಸುಯೊ ಎಂಬುದು ಅವನ ಹೆಸರು. 1878ರಲ್ಲಿ ಜಪಾನಿನ ಉತ್ತರದ ಅಓಮೊರಿ ಪ್ರಾಂತದಲ್ಲಿ ಜನಿಸಿದವನು. 1904ರಲ್ಲಿ ತನ್ನ ಹಿರಿಯರಾದ ತೊಮಿತಾ ಎಂಬವರೊಡನೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಗೆ ಹಡಗು ಹತ್ತಿದನು. ವೆಸ್ಟ್ ಪಾಯಿಂಟಿನ ಸೈನಿಕ ಶಾಲೆಯಲ್ಲಿ ಪ್ರದರ್ಶನವಾಯಿತು. ಮುಂದೆ ಗುರುಬಂಧುಗಳಿಬ್ಬರ ದಾರಿ ಬೇರೆಯಾಯಿತು. ಹಣಕ್ಕಾಗಿ ಪಂದ್ಯವಾಡುವುದನ್ನು ಕಾನೋ ಅವರು ಮೆಚ್ಚುತ್ತಿರಲಿಲ್ಲ. ಮಯೇದಾನಿಗಾದರೋ ಹೊಟ್ಟೆಪಾಡು ನಡೆಯಬೇಕಾಗಿತ್ತು. ಇಂಗ್ಲೆಂಡು, ಬೆಲ್ಜಿಯಂ, ಸ್ಪೇನು, ಕ್ಯೂಬಾ, ಮೆಕ್ಸಿಕೋ ಎಂದು ಅವನು ವರ್ಷಗಟ್ಟಲೆ ಅಲೆದನು. ನಾಟಕಶಾಲೆಗಳ ರಂಗದ ಮೇಲೆ ಎದುರಿಗೆ ಬಂದವರೊಡನೆಲ್ಲ ಹೋರಾಡಿದನು. 1908ರಲ್ಲಿ ಸ್ಪೇನಿನಲ್ಲಿದ್ದಾಗ ಅವನಿಗೆ ‘ಕೊಂದೆ ಕೋಮಾ’ ಎಂಬ ಬಿರುದು ಬಂದಿತು. ‘ಕೊಂದೆ’ ಎಂದರೆ ಆ ಭಾಷೆಯಲ್ಲಿ ಒಬ್ಬ ಶ್ರೀಮಂತ ಪಾಳೆಯಗಾರನಂಥವನು. ‘ಕೋಮಾ’ ಎಂಬುದು ‘ಕೋಮರು’ ಎಂಬ ಜಪಾನೀ ಕ್ರಿಯಾಪದದ ತುಂಡೆಂದು ಹೇಳುವರು. ‘ಪೇಚಿಗೆ ಸಿಕ್ಕು’ ಎಂದು ಅದರ ಅರ್ಥ. ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ತನಗೆ ತಾನೇ ‘ಸಂಕಟರಾಯ’ನೆಂದು ಹೆಸರಿಟ್ಟುಕೊಂಡನಂತೆ! ವಿನೋದಪ್ರಿಯನೇ ಇರಬೇಕು.

ಈ ಸಂಕಟರಾಯನು 1914ರಲ್ಲಿ ಬ್ರೆಜಿಲಿಗೆ ಬಂದನು. ಕೊನೆಗೆ ಅಮೆಜಾನ್ ನದೀಮುಖದ ಬೆಲೆಂ ಪಟ್ಟಣದಲ್ಲಿ ಬಿಡಾರ ಹೂಡಿ, ಆ ದೇಶದ ಪ್ರಜೆಯೇ ಆಗಿ, 1941ರಲ್ಲಿ ಅಲ್ಲಿಯೇ ತೀರಿಕೊಂಡನು. ಜಪಾನಿನಿಂದ ಬಡವರನ್ನು ಕರೆಸಿ ಅಮೆಜಾನಿನ ಕಾಡಂಚಿನಲ್ಲಿ ನೆಲೆಗೊಳಿಸುವ ಕೆಲಸಕ್ಕೂ ನೆರವಾದನು. 1929ರಲ್ಲಿ ಸ್ಥಾಪಿತವಾದ ತೊಮೆ-ಅಸು ಎಂಬ ಆ ವಸಾಹತು ಮುಂದೆ ಪ್ರಸಿದ್ಧವಾದುದು ಯಾವುದರಿಂದ ಬಲ್ಲಿರೋ? ನಮ್ಮ ಮಲೆನಾಡಿನ ತೋಟಗಳಲ್ಲಿ ಹಬ್ಬುವ ಕರಿಮೆಣಸಿನಿಂದ! 1933ರಲ್ಲಿ ಸಿಂಗಪುರದ ಮಾರ್ಗವಾಗಿ ತಂದ ಕೆಲವು ಬಳ್ಳಿಗಳಿಂದ ಆ ಬೆಳೆ ಅಲ್ಲಿ ಬೇರೂರಿತು.

ಬೆಲೆಮಿನಲ್ಲಿ ಮಯೇದಾನು ತೋರಿಸಿದ ವಿದ್ಯೆಯನ್ನು ಗ್ರೇಸಿ ಎಂಬ ಮನೆತನದ ಕಾರ್ಲೋಸ್ ಎಂಬ ಹುಡುಗನು ಹಿಡಿದನು. ಅವನು ಕಲಿತದ್ದು ಮಯೇದಾನಿಂದಲೇ ನೇರವಾಗಿಯೋ, ಅವನ ಶಿಷ್ಯರಿಂದಲೋ ಎಂಬಲ್ಲಿ ಇತಿಹಾಸಕಾರರಿಗೆ ಭಿನ್ನಾಭಿಪ್ರಾಯವುಂಟು. ಕಾರ್ಲೋಸನೂ, 1913ರಲ್ಲಿ ಹುಟ್ಟಿದ ಅವನ ಕಿರಿಯ ತಮ್ಮ ಏಲಿಯೊವೂ ರಿಯೊ ಡಿ ಜನೈರೊ ನಗರದಲ್ಲಿ ನೆಲಸಿ, ನೆಲದ ಮೇಲಿನ ಪಟ್ಟುಗಳನ್ನೇ ವಿಶೇಷವಾಗಿ ಬೆಳೆಸಿದರು. ಮುಂದೆ 1993ರ ನವೆಂಬರಿನಲ್ಲಿ ಅಮೆರಿಕೆಯ ಡೆನ್ವರ್ ನಗರದಲ್ಲಿ ಎಂಟು ಮಂದಿ ನಾನಾ ಪದ್ಧತಿಗಳ ಜಟ್ಟಿಗಳ ನಡುವೆ ಪಂದ್ಯವಾದಾಗ, ಏಲಿಯೊವಿನ ಮಗ ರಾಯ್ಸನು, ಸುಮಾರು 80 ಕಿಲೋ ತೂಕದ ಸಪೂರ ಯುವಕ, ಒಂದೇ ರಾತ್ರಿ ಮೂವರನ್ನು ಸೋಲಿಸಿದನು. (ಬ್ರೆಜಿಲಿನವರು ಪದದ ಮೊದಲಿನ ರಕಾರವನ್ನು ಹಕಾರದಂತೆ ನುಡಿಯುವುದರಿಂದ ಅವರ ಬಾಯಲ್ಲಿ ಅವನು ‘ಹಾಯ್ಸ್’. ನಮ್ಮ ಹಳಗನ್ನಡದ ಪಕಾರ ಹಕಾರವಾದುದನ್ನು ಬಲ್ಲವರಿಗೆ ಇದು ಅಚ್ಚರಿಯಾಗಲಾರದು.) ಆ ರಾತ್ರಿಯಿಂದ ಈಚೆಗೆ ಈ ವಿದ್ಯೆಯು ಲೋಕವ್ಯಾಪಿಯಾಯಿತು. ಅಬುಧಾಬಿಯ ಸರ್ಕಾರವು ತನ್ನ ಶಾಲೆಗಳ ಪಾಠಕ್ರಮದಲ್ಲಿಯೇ ಇದನ್ನು ಸೇರಿಸಿತು. 2018ರ ಏಷ್ಯನ್ ಕ್ರೀಡೆಗಳಲ್ಲಿಯೂ ಇದಕ್ಕೆ ಎಡೆ ದೊರೆಯಿತು.

ಇನ್ನು ನಮ್ಮನ್ನು ಈ ವಿಷಯಕ್ಕೆ ಎಳೆದ ಪ್ರಶ್ನೆಗೆ ಬರೋಣ. ಬ್ರೆಜಿಲಿನ ಹಳೆಯ ಶಾಲೆಗಳಲ್ಲಿ ಒಬ್ಬ ಗುರುವಿನ ಬಳಿ ಕಲಿತವನು ಇನ್ನೊಬ್ಬನ ಶಾಲೆಯ ಹೊಸ್ತಿಲು ತುಳಿಯುವುದು ದ್ರೋಹವೆನಿಸಿತ್ತು. ಅಂಥವನಿಗೆ ‘ಕ್ರಿಯೊಂಚಿ’ ಎಂದು ಬೈಗುಳ. ಕಾರ್ಲೋಸನ ಮಗ, ಕೋಪಕಬಾನಾ ಕಡಲತೀರದ ಬಳಿ ಶಾಲೆ ನಡೆಸಿ 2006ರಲ್ಲಿ ತೀರಿಕೊಂಡ ಕಾರ್ಲ್‌ಸನ್ ಗ್ರೇಸಿಯು ಈ ಮಾತನ್ನು ಬಳಕೆಗೆ ತಂದನೆಂದು ಆ ವರ್ಗದವರೆಲ್ಲ ಹೇಳುವರು. ಇದು ಗ್ರೀಕರ ಈಡಿಪಸ್ ನಾಟಕದ ಕ್ರಿಯಾನ್ ರಾಜನ ಹೆಸರೇ. ಆ ಕಥೆಯನ್ನು ಆಧರಿಸಿ 1987-88ರಲ್ಲಿ ಬ್ರೆಜಿಲಿನ ದೂರದರ್ಶನದಲ್ಲಿ ಬಂದ ಧಾರಾವಾಹಿಯೊಂದರ ಪಾತ್ರದ ಮೂಲಕ ಗರಡಿಗೆ ಇಳಿಯಿತು. ಎಲ್ಲಿಯ ಗ್ರೀಸು, ಎಲ್ಲಿಯ ರಿಯೊ!

ಇದನ್ನು ಓದಿದಾಗ ನಮಗೆ ಥಟ್ಟನೆ ನೆನಪಾದುದು ಪತಂಜಲಿಯ ಮಹಾಭಾಷ್ಯ. ಪಾಣಿನಿಯ ಸೂತ್ರವೊಂದನ್ನು ವಿವರಿಸುತ್ತ ಭಾಷ್ಯಕಾರರು ‘ತೀರ್ಥಕಾಕ’ ಎಂಬ ಪದವನ್ನು ಉದಾಹರಿಸುವರು. ತೀರ್ಥಸ್ಥಳದ ಕಾಗೆಯು ಒಂದೆಡೆ ಬಹುಕಾಲ ನಿಲ್ಲದು. ಹಾಗೆಯೇ ಗುರುಕುಲಗಳಿಗೆ ಹೋಗಿ ಬಹುಕಾಲ ನಿಲ್ಲದವನು ತೀರ್ಥಕಾಕನು. ಎರಡು ಸಾವಿರ ವರ್ಷಗಳ ಹಿಂದೆಯೂ ಉಪಾಧ್ಯಾಯರ ಗೋಳು ಇದೇ ಆಗಿದ್ದಿತೆಂದಾಯಿತು. ಆದರೆ ನಮ್ಮ ಪರಂಪರೆಯಲ್ಲಿಯೇ ಇದರ ಇನ್ನೊಂದು ಮುಖವೂ ಉಂಟು. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತನು ಯದುರಾಜನಿಗೆ ತನ್ನ ಇಪ್ಪತ್ತನಾಲ್ಕು ಗುರುಗಳನ್ನು ಹೆಸರಿಸುವನು. ಹೂವಿನಿಂದ ಹೂವಿಗೆ ಹೋಗುವ ದುಂಬಿಯೂ ಅವರಲ್ಲಿ ಒಂದು. ಕಾಗೆ ಯಾವುದು, ದುಂಬಿ ಯಾವುದು ಎಂದು ಗುರುತಿಸುವುದೇ ಕಷ್ಟ.

ಡೆನ್ಮಾರ್ಕ್ ದೇಶದ ಕ್ರಿಶ್ಚಿಯನ್ ಗ್ರಾಗಾರ್ಟ್ ಎಂಬವರ ಉದಾಹರಣೆಯನ್ನು ನೋಡೋಣ. ಅವರು ಕೋಪನ್‌ಹೇಗನ್ ನಗರದಲ್ಲಿ ತಮ್ಮದೇ ಶಾಲೆಯನ್ನು ಕಟ್ಟಿದವರು. 2011ರಲ್ಲಿ ಅದನ್ನು ಬಿಟ್ಟು 140 ದಿನಗಳ ಕಾಲ ಭೂಮಂಡಲವನ್ನು ಸುತ್ತಿ, ಹೋದ ಊರಿನ ಶಾಲೆಯಲ್ಲೆಲ್ಲ ಅಭ್ಯಾಸಮಾಡಿ, ಗುರುತಿಲ್ಲದವರ ಮನೆಗಳಲ್ಲಿ ಮಲಗೆದ್ದು ಮರಳಿದರು. ಆ ಯಾತ್ರೆಯ ಕಥನವನ್ನು ಪುಸ್ತಕವಾಗಿಯೂ ಹೊರತಂದರು. ಈ ಅನುಭವದಿಂದ ‘ಬಿಜೆಜೆ ಗ್ಲೋಬ್‌ಟ್ರಾಟರ್ಸ್’ ಎಂಬ ಬಳಗ ಹುಟ್ಟಿತು. ಇದರ ನಿಯಮಗಳು ಕೆಲವೇ. ಒಬ್ಬರಿಗೊಬ್ಬರು ಸದಸ್ಯತ್ವದ ಕಪ್ಪಕಾಣಿಕೆ ಕೊಡತಕ್ಕದ್ದಿಲ್ಲ. ಇಂಥ ಉಡುಪು, ಇಂಥ ಲಾಂಛನವನ್ನೇ ಧರಿಸಬೇಕೆಂಬ ಕಟ್ಟಿಲ್ಲ. ಯಾವ ಶಾಲೆಯವನಾದರೂ ಯಾರೊಡನಾದರೂ ಅಭ್ಯಾಸಮಾಡಬಹುದು. ಚಾಪೆಯ ಮೇಲೂ ಹೊರಗೂ ಎಲ್ಲರೂ ಸಮಾನರು. ವರ್ಷದಲ್ಲಿ ಹಲವು ಸಾರಿ ಬೇರೆ ಬೇರೆ ದೇಶಗಳಲ್ಲಿ ಶಿಬಿರಗಳು ನಡೆಯುವುವು. ಯಾತ್ರಿಕನಿಗೆ ಸ್ಥಳೀಯರು ತಮ್ಮ ಮನೆಯಲ್ಲಿ ಪುಕ್ಕಟೆ ಮಲಗಲು ಎಡೆ ಕೊಡುವ ಏರ್ಪಾಡೂ ಉಂಟು. ನಮ್ಮ ಹಿಂದಿನ ಛತ್ರಗಳನ್ನೂ ವಾರಾನ್ನದ ಮನೆಗಳನ್ನೂ ಬಲ್ಲವರಿಗೆ ಇದು ಹೊಸದೆನಿಸದು.

ಗ್ರಾಗಾರ್ಟರನ್ನು ತೀರ್ಥಕಾಕವೆನ್ನಲು ನಮಗೆ ಮನಸ್ಸಾಗದು. ಒಂದೆಡೆ ನಿಂತು ಕಲಿತು, ಕಲಿಸಿ, ಅನಂತರ ಹೊರಟವರು ಅವರು. ಆದರೆ ಕಲಿಯತೊಡಗಿ ಆರು ತಿಂಗಳಾಗದೆ, ‘ನಾನು ಮೂವತ್ತು ಶಾಲೆ ನೋಡಿದೆ’ ಎಂದು ಛಾಯಾಚಿತ್ರ ತೋರಿಸುವವನನ್ನು ಪತಂಜಲಿಗಳ ಹೆಸರಿನಿಂದಲೇ ಕರೆಯಬೇಕು. ಈ ವಿದ್ಯೆಯಲ್ಲಿ ಬಿಳಿಯ ನಡುಕಟ್ಟಿನಿಂದ ಮೊದಲಾಗಿ ನೀಲಿ, ನೇರಳೆ, ಕಂದು ಬಣ್ಣಗಳನ್ನು ದಾಟಿ ಕರಿಯ ನಡುಕಟ್ಟನ್ನು ಪಡೆಯಲು ಸಾಮಾನ್ಯವಾಗಿ ಹತ್ತು ವರ್ಷಗಳಾದರೂ ಬೇಕು. ಅದನ್ನು ಕಟ್ಟಲು ಶಿಷ್ಯನನ್ನು ಹತ್ತಿರದಿಂದ ಬಲ್ಲ ಒಬ್ಬ ಗುರು ಇರಲೇಬೇಕು.

ಹೊಸ ಊರಿಗೆ ಬಂದ ಯಾತ್ರಿಕನು ಹೇಗೆ ನಡೆದುಕೊಳ್ಳಬೇಕೆಂಬುದು ಲೋಕದಲ್ಲೆಲ್ಲ ಬಹುಮಟ್ಟಿಗೆ ಒಂದೇ. ಮೊದಲೇ ಪತ್ರ ಬರೆದು ಗುರುವಿನ ಅನುಮತಿ ಪಡೆಯಬೇಕು. ಒಂದು ದಿನದ ಶುಲ್ಕ ಕೇಳಿದರೆ ಮರುಮಾತಿಲ್ಲದೆ ಕೊಡಬೇಕು. ಉಗುರು ಕತ್ತರಿಸಿರಬೇಕು, ಉಡುಪು ಒಗೆದದ್ದಾಗಿರಬೇಕು. ಚಾಪೆಯ ಹೊರಗೆ ಬರಿಗಾಲಲ್ಲಿ ಓಡಾಡಬಾರದು. ಇವನ್ನು ಮೀರಿದರೆ ಚರ್ಮರೋಗಗಳು ಹರಡುವುವು. ಮಡಿಯೆಂಬುದಕ್ಕೆ ಇಲ್ಲಿ ಪ್ರತ್ಯಕ್ಷ ಕಾರಣವೇ ಉಂಟು. ಅನಂತರ ಇಬ್ಬರು ಎದುರೆದುರು ಕುಳಿತು, ಅಂಗೈಗೆ ಅಂಗೈ ತಟ್ಟಿ, ಮುಷ್ಟಿಗೆ ಮುಷ್ಟಿ ತಾಕಿಸಿ ಆರಂಭಿಸುವರು. ಭಾಷೆ ಬಾರದಿದ್ದರೂ ಕೆಲಸ ನಿಲ್ಲದು. ಐದಾರು ನಿಮಿಷದ ಸುತ್ತು ಮುಗಿಯುವಷ್ಟರಲ್ಲಿ ಎದುರಿನವನು ಜಂಬದವನೋ ಸಮಾಧಾನಿಯೋ, ಬಲವನ್ನು ಪ್ರಯೋಗಿಸುವವನೋ ಕಾಯುವವನೋ ಎಂಬುದು ತಿಳಿದುಹೋಗುವುದು. ಗಂಟೆಗಟ್ಟಲೆ ಮಾತನಾಡಿದರೂ ಇಷ್ಟು ತಿಳಿಯುವುದೋ ಇಲ್ಲವೋ! ದೊಡ್ಡ ಅಧಿಕಾರಿಯು ಅಡಿಗೆಯ ಹುಡುಗನಿಗೆ ತಟ್ಟಬೇಕಾದೀತು. ಅಭ್ಯಾಸದ ಬಳಿಕ ಅವರಿಬ್ಬರೂ ಒಂದೇ ಮೇಜಿನಲ್ಲಿ ಉಂಡಾರು.

ರಿಯೊ ನಗರದಲ್ಲಿ ಕಾಂತಗಾಲೊ ಎಂಬ ಗುಡ್ಡವಿದೆ. ಮೇಲೆಲ್ಲ ಬಡವರ ಒತ್ತೊತ್ತಾದ ಮನೆಗಳು, ಕೆಳಗೆ ಐಶ್ವರ್ಯವಂತರ ಕಡಲತೀರ. ಆ ಗುಡ್ಡದಲ್ಲೇ ಬೆಳೆದು ವಿಶ್ವವಿಜೇತರಾದ ಫೆರ್ನಾಂದೊ ತೆರೆರೆ ಎಂಬವರು ನಡುವೆ ಮಾದಕವಸ್ತುಗಳ ಚಟಕ್ಕೆ ಸಿಕ್ಕಿ ನೊಂದು, ಚೇತರಿಸಿಕೊಂಡು, ಅಲ್ಲಿನ ಮಕ್ಕಳಿಗೆ ಉಚಿತವಾಗಿ ಕಲಿಸತೊಡಗಿದರು. ಪರದೇಶದ ಯಾತ್ರಿಕರು ಗುಡ್ಡ ಹತ್ತಿ ಹೋಗಿ ಅವರಲ್ಲಿ ಅಭ್ಯಾಸಮಾಡುವರು. ಕಡಲತೀರವನ್ನು ಮಾತ್ರ ನೋಡಿ ಮರಳುವ ಪ್ರವಾಸಿಗೆ ದೊರೆಯದ ಪರಿಚಯವಿದು.

ಇದೆಲ್ಲ ಗೃಹಸ್ಥರಿಗೇಕೆಂದು ಕೇಳಬಹುದು. ಇಂದು ನಮ್ಮ ಮಧ್ಯಮ ವರ್ಗದ ಎಷ್ಟೋ ಮನೆಗಳ ಮಕ್ಕಳು ಉದ್ಯೋಗದ ನಿಮಿತ್ತ ಪರದೇಶದ ನಗರಗಳಲ್ಲಿರುವರು. ಸಂಬಳ ಬರುವುದು, ಸಂಜೆ ಬಾಗಿಲು ತಟ್ಟುವವರು ಯಾರೂ ಇಲ್ಲ. ಕನ್ನಡ ಸಂಘಗಳಿರುವಲ್ಲಿ ಯುಗಾದಿಗೂ ರಾಜ್ಯೋತ್ಸವಕ್ಕೂ ಸೇರುವರು. ಉಳಿದ ದಿನಗಳ ಸಂಜೆ ದೊಡ್ಡದು. ಅಂಥ ಮಗನೋ ಮಗಳೋ ‘ಅಪ್ಪ, ನಾನು ಇಲ್ಲಿ ಕುಸ್ತಿ ಕಲಿಯಲು ಸೇರಿದ್ದೇನೆ’ ಎಂದು ಬರೆದರೆ ಗಾಬರಿಪಡುವ ಮೊದಲು ತಂದೆತಾಯಿಗಳು ಎರಡು ಮಾತು ವಿಚಾರಿಸಲಿ. ತಟ್ಟಿದೊಡನೆ ಬಿಡುವ ಶಿಸ್ತು ಅಲ್ಲಿ ಉಂಟೋ? ಬೇರೆಡೆಯವರು ಬಂದು ಅಭ್ಯಾಸಮಾಡಲು, ಇಲ್ಲಿನವರು ಬೇರೆಡೆ ಹೋಗಲು ಗುರುವು ಬಿಡುವನೋ?

ಈ ಎರಡನೆಯ ಪ್ರಶ್ನೆಯು ಹೆಣ್ಣುಮಕ್ಕಳ ವಿಷಯದಲ್ಲಿ ಮುಖ್ಯ. ಗುರುಸ್ಥಾನದ ದುರುಪಯೋಗ ಮಾಡಿಕೊಂಡು ಶಿಷ್ಯೆಯರೊಡನೆ ಅನುಚಿತವಾಗಿ ವರ್ತಿಸಿದವರ ಮೇಲೆ ಈಚಿನ ವರ್ಷಗಳಲ್ಲಿ ಹಲವು ದೇಶಗಳಲ್ಲಿ ದೂರುಗಳೆದ್ದಿವೆ. ‘ಬಿಟ್ಟು ಹೋದರೆ ದ್ರೋಹಿ’ ಎನ್ನುವ ಶಾಲೆಯಲ್ಲಿ ಅಂಥ ಸಂಗತಿ ಮುಚ್ಚಿಹೋಗುವುದು ಸುಲಭ. ನಾಲ್ಕು ಕಡೆಯವರು ಬಂದು ಹೋಗುವಲ್ಲಿ ಅಷ್ಟು ಸುಲಭವಲ್ಲ. ನಾವು ನಿಷ್ಠೆಯನ್ನು ಹೊಗಳುತ್ತ ಬಂದ ಉಪಾಧ್ಯಾಯ ವರ್ಗದವರು. ಆದರೂ ಬಾಗಿಲಿಗೆ ಅಗಳಿ ಹಾಕಿ ಬೇಡುವ ನಿಷ್ಠೆಯನ್ನು ಗುರುಭಕ್ತಿಯೆಂದು ಕರೆಯಲಾರೆವು. ಶಾಲೆಗೆ ಸೇರುವ ಮುನ್ನ ಅಲ್ಲಿ ಹಳಬರಾದ ಹೆಂಗಸರಿರುವರೋ ಎಂದು ನೋಡಿ, ಅವರನ್ನು ಪ್ರತ್ಯೇಕವಾಗಿ ಮಾತನಾಡಿಸುವುದು ಮೇಲು.

ಮೈಕೈ ನೋವು ತಪ್ಪದು. ಮಂಡಿ, ಭುಜ, ಬೆರಳಿನ ಗೆಣ್ಣುಗಳಿಗೆ ಪೆಟ್ಟಾಗುವುದುಂಟು; ಕಿವಿಯ ಮೇಲಿನ ತಿಕ್ಕಾಟದಿಂದ ರಕ್ತ ಹೆಪ್ಪುಗಟ್ಟಿ ಅದು ಹೂಕೋಸಿನಂತೆ ಮುರುಟಿಕೊಳ್ಳುವುದೂ ಉಂಟು. ನಮ್ಮ ಹಳೆಯ ಪೈಲ್ವಾನರ ಕಿವಿಗಳನ್ನು ನೆನೆಸಿಕೊಂಡರೆ ಸಾಕು. ವಯಸ್ಸಾದವರೂ ಕಲಿಯುವರಾದರೂ ಅವರು ಎಳೆಯರ ಜಿದ್ದಿಗೆ ಬೀಳದೆ ಬೇಗನೆ ತಟ್ಟುವುದನ್ನು ಕಲಿಯಬೇಕಾಗುವುದು.

ಈಗ ಬೆಂಗಳೂರಿನಲ್ಲಿಯೂ ಈ ವಿದ್ಯೆಯನ್ನು ಕಲಿಸುವ ಶಾಲೆಗಳಿವೆ. ಹೊರದೇಶಕ್ಕೆ ಹೊರಡಲಿರುವ ಮಕ್ಕಳು ಇಲ್ಲಿಯೇ ಒಂದೆರಡು ವರ್ಷ ನಿಂತು ಕಲಿತು ಹೋಗುವುದು ಲೇಸು. ದಪ್ಪ ಹತ್ತಿಯ ಆ ಅಂಗಿಯು ಒಂದೂವರೆ ಎರಡು ಕಿಲೋ ತೂಗುವುದು. ಒದ್ದೆಯಾದರೆ ಇನ್ನೂ ಭಾರ. ಚಳಿಯ ದೇಶದಲ್ಲಿ ಒಗೆದದ್ದು ಒಂದು ದಿನಕ್ಕೆ ಒಣಗದಾದ್ದರಿಂದ ಪೆಟ್ಟಿಗೆಯಲ್ಲಿ ಎರಡು ಜೊತೆಯನ್ನು ಇಟ್ಟುಕೊಳ್ಳಲು ತಾಯಂದಿರು ಎಡೆ ಮಾಡಿಕೊಡಬೇಕು. ಉಪ್ಪಿನಕಾಯಿಯ ಭರಣಿಗಳಲ್ಲಿ ಒಂದನ್ನು ಕಡಮೆ ಮಾಡಿದರಾಯಿತು.