ಉಗಿ ಕೊಳವೆಯೊಳಗಿನ ಗಾಳಿ: ಹೊಟ್ಟಿನ ಖಾತೆಯಲ್ಲಿ ಕಂಡ ನಷ್ಟ

ಲೆಕ್ಕಪರಿಶೋಧಕನಿಗೆ ಬಾಯ್ಲರ್ ಮನೆಯ ಉಸಾಬರಿ ಏಕೆಂದು ಸದಸ್ಯ ಮಿತ್ರರು ಕೇಳಬಹುದು. ಕೇಳುವುದು ಸಹಜವೇ. ನಾನು ಓದಿದ್ದು ವಾಣಿಜ್ಯಶಾಸ್ತ್ರ, ಯಂತ್ರಶಾಸ್ತ್ರವಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಕಕ್ಷಿದಾರರೊಬ್ಬರ ಖಾತೆ ಪುಸ್ತಕವೇ ನನ್ನನ್ನು ಅಲ್ಲಿಗೆ ಕರೆದೊಯ್ದಿತು.

ಹೂವಿನಹಡಗಲಿಯಿಂದ ತುಂಗಭದ್ರೆಯ ಗುಂಟ ಕೆಳಗೆ ಸಾಗಿ ಅಣೆಕಟ್ಟು ದಾಟಿದರೆ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪಗಳ ಕಾಲುವೆ ಸೀಮೆ. ಅಲ್ಲಿ ಅಕ್ಕಿ ಗಿರಣಿಗಳು ದಟ್ಟವಾಗಿವೆ. ಆ ಸೀಮೆಯಲ್ಲಿ ಗಿರಣಿ ನಡೆಸುವ ನಮ್ಮ ತಾಲ್ಲೂಕಿನವರೊಬ್ಬರು ದೊಡ್ಡ ಬಾಯ್ಲರ್ ಕೊಳ್ಳಲು ಬ್ಯಾಂಕಿನ ಸಾಲಕ್ಕೆ ಯೋಜನಾ ವರದಿ ಸಿದ್ಧಪಡಿಸಿಕೊಡುವಂತೆ ಕೋರಿದರು. ಉಗಿ ಸಾಲುತ್ತಿಲ್ಲ, ಬೇಯಿಸಿದ ಭತ್ತ ಡ್ರೈಯರ್‌ನಲ್ಲಿ ಹೊತ್ತಿಗೆ ಸರಿಯಾಗಿ ಒಣಗುತ್ತಿಲ್ಲ ಎಂಬುದು ಅವರ ಅಳಲು. ಒಣಗಲು ತಡವಾದ ಭತ್ತ ವಾಸನೆ ಹಿಡಿಯುತ್ತದೆ, ಅಕ್ಕಿಯ ಬಣ್ಣ ಕೆಡುತ್ತದೆ, ಪೇಟೆಯಲ್ಲಿ ದರ ಬೀಳುತ್ತದೆ. ಸಾಲದ ಆಧಾರಕ್ಕೆ ಅವರು ಕೊಡಲು ಹೊರಟಿದ್ದುದು ಹಡಗಲಿ ಕಡೆಯ ಪಿತ್ರಾರ್ಜಿತ ಹೊಲ.

ವರದಿಗಾಗಿ ಮೂರು ವರ್ಷದ ಲೆಕ್ಕ ತೆಗೆದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಭತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ ಹೊಟ್ಟು. ಗಿರಣಿಯವರು ಅದನ್ನು ಬಾಯ್ಲರಿಗೆ ಹಾಕಿ, ಉಳಿದುದನ್ನು ಮಾರುತ್ತಾರೆ. ಮಿಲ್ಲಿಗೆ ಬಂದ ಭತ್ತ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಹೊಟ್ಟಿನ ಮಾರಾಟ ಮಾತ್ರ ವರ್ಷದಿಂದ ವರ್ಷಕ್ಕೆ ಇಳಿದಿತ್ತು. ಅಂದರೆ ಒಲೆಗೆ ಹೆಚ್ಚು ಹೊಟ್ಟು ಹೋಗುತ್ತಿತ್ತು, ಆದರೂ ಭತ್ತ ಒಣಗುತ್ತಿರಲಿಲ್ಲ. ಬಾಯ್ಲರ್ ಸಣ್ಣದಾಗಿದ್ದರೆ ಮೊದಲ ವರ್ಷವೂ ಸಾಲಬಾರದಾಗಿತ್ತಲ್ಲವೇ? ವರದಿಯನ್ನು ಬದಿಗಿಟ್ಟು, ಉಗಿ ಯಂತ್ರಗಳನ್ನು ಬಲ್ಲ ತಂತ್ರಜ್ಞರೊಬ್ಬರನ್ನು ಕರೆದುಕೊಂಡು ಹೋದೆವು. ಅಂದು ಅವರಿಂದ ಕಲಿತುದನ್ನೇ ಇಲ್ಲಿ ನಿವೇದಿಸುತ್ತಿದ್ದೇನೆ.

ಡ್ರೈಯರ್‌ನ ಗಾಳಿಯನ್ನು ಕಾಯಿಸುವುದು ಉಗಿ ತುಂಬಿದ ರೇಡಿಯೇಟರ್. ಯಂತ್ರ ನಿಂತಾಗ ಅದರೊಳಗಿನ ಉಗಿ ತಣಿದು ನೀರಾಗುತ್ತದೆ, ಜಾಗ ಬರಿದಾಗುತ್ತದೆ, ಜೋಡಣೆಗಳ ಸಂದಿಯಿಂದ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಮರುದಿನ ಉಗಿ ಬಿಟ್ಟೊಡನೆ ಅದು ಈ ಗಾಳಿಯನ್ನು ಮುಂದಕ್ಕೆ ದೂಡಿ ದೂರದ ತುದಿಯಲ್ಲಿ ಒತ್ತರಿಸುತ್ತದೆ. ಇಷ್ಟು ಸಾಲದೆಂಬಂತೆ ನಮ್ಮ ಕೊಳವೆ ಬಾವಿಗಳ ಗಡಸು ನೀರು ಬಾಯ್ಲರ್‌ನಲ್ಲಿ ಕುದಿಯುವಾಗ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗಿ ಅದೂ ಉಗಿಯೊಡನೆ ಬರುತ್ತದೆ. ಇವುಗಳನ್ನು ಹೊರಹಾಕುವ ಸಣ್ಣ ಉಪಕರಣವೇ ಏರ್ ವೆಂಟ್. ಅದರೊಳಗೆ ಶಾಖಕ್ಕೆ ಹಿಗ್ಗುವ ದ್ರವ ತುಂಬಿದ ಒಂದು ಡಬ್ಬಿ ಇರುತ್ತದೆ. ತಣ್ಣನೆಯ ಗಾಳಿ ತಾಗಿರುವಷ್ಟು ಹೊತ್ತು ಬಾಯಿ ತೆರೆದಿರುತ್ತದೆ, ಬಿಸಿ ಉಗಿ ತಾಗಿದೊಡನೆ ಡಬ್ಬಿ ಹಿಗ್ಗಿ ಬಾಯಿ ಮುಚ್ಚುತ್ತದೆ.

ಗಾಳಿ ಉಳಿದರೆ ಆಗುವ ಹಾನಿಯನ್ನು ಒತ್ತಡದ ಗಡಿಯಾರ ತೋರಿಸುವುದಿಲ್ಲ. ಮೋಸ ಇರುವುದೇ ಇಲ್ಲಿ. ಮಾಪಕದಲ್ಲಿ 3 ಕೆ.ಜಿ. ಒತ್ತಡವಿದ್ದು ಒಳಗೆ ಶುದ್ಧ ಉಗಿಯೇ ಇದ್ದರೆ ಉಷ್ಣತೆ ಸುಮಾರು 143 ಡಿಗ್ರಿ ಸೆಲ್ಸಿಯಸ್. ಅದರಲ್ಲಿ ಕಾಲು ಪಾಲು ಗಾಳಿಯಿದ್ದರೆ ಮಾಪಕ ಆಗಲೂ 3 ಎಂದೇ ಹೇಳುತ್ತದೆ, ಉಷ್ಣತೆ ಮಾತ್ರ ಸುಮಾರು 133ಕ್ಕೆ ಇಳಿದಿರುತ್ತದೆ. ಒಟ್ಟು ಒತ್ತಡದಲ್ಲಿ ಉಗಿಯ ಪಾಲಿನ ಒತ್ತಡಕ್ಕೆ ತಕ್ಕ ಉಷ್ಣತೆಯೇ ಉಗಿಗೆ ಬರುವುದು. ಪಾಲುದಾರಿಕೆ ಸಂಸ್ಥೆಯಲ್ಲಿ ಕೆಲಸ ಮಾಡದ ಪಾಲುದಾರನೂ ಲಾಭದಲ್ಲಿ ಪಾಲು ಪಡೆದಂತೆ! ಇದಕ್ಕಿಂತ ಕೆಟ್ಟದ್ದು ಕೊಳವೆಯ ಒಳಮೈಗೆ ಅಂಟುವ ಗಾಳಿಯ ಪದರ. ಉಕ್ಕಿಗೆ ಹೋಲಿಸಿದರೆ ಗಾಳಿ ಶಾಖವನ್ನು ಸಾಗಿಸುವುದು ಸುಮಾರು ಎರಡು ಸಾವಿರದಲ್ಲೊಂದು ಪಾಲು. ಒಂದು ಮಿಲಿಮೀಟರ್ ಗಾಳಿಯೆಂದರೆ ಶಾಖಕ್ಕೆ ಎರಡು ಮೀಟರ್ ದಪ್ಪದ ಉಕ್ಕಿನ ಗೋಡೆ ಅಡ್ಡ ನಿಂತಷ್ಟೇ.

ನಮ್ಮ ಕಕ್ಷಿದಾರರ ರೇಡಿಯೇಟರ್‌ಗಳ ಮೈಯ ಉಷ್ಣತೆಯನ್ನು ತಂತ್ರಜ್ಞರು ಕೈಯಲ್ಲಿ ಹಿಡಿಯುವ ಉಷ್ಣಮಾಪಕದಿಂದ ಅಳೆದರು. ಉಗಿ ಬರುವ ತುದಿ ಸುಡುತ್ತಿತ್ತು, ದೂರದ ತುದಿ ಬೆಚ್ಚಗಿತ್ತು ಅಷ್ಟೇ. ತಣ್ಣನೆಯ ಜಾಗ ಎಲ್ಲಿದೆಯೆಂಬುದು ಮುಖ್ಯ. ತಳದಲ್ಲಿ, ನೀರು ಹೊರಹೋಗುವ ಕಡೆ ತಣ್ಣಗಿದ್ದರೆ ಹೆಚ್ಚಾಗಿ ಸ್ಟೀಮ್ ಟ್ರ್ಯಾಪ್ ಕಟ್ಟಿಕೊಂಡು ನೀರು ನಿಂತಿರುತ್ತದೆ. ಉಗಿ ಪ್ರವೇಶಕ್ಕೆ ದೂರವಾದ ಮೇಲಿನ ತುದಿ ತಣ್ಣಗಿದ್ದರೆ ಗಾಳಿಯೆಂದು ಸಂಶಯಿಸಬೇಕು. ಆ ತುದಿಯಲ್ಲಿ ಕೈ ನಲ್ಲಿಯಿದ್ದರೆ ಅದನ್ನು ಮೆಲ್ಲಗೆ ಬಿಚ್ಚಿದಾಗ ಗಾಳಿ ಸುಯ್ಯನೆ ಹೊರಬಂದು ಮೈ ಬಿಸಿಯೇರತೊಡಗಿದರೆ ಏರ್ ವೆಂಟ್ ಕೆಲಸ ಮಾಡುತ್ತಿಲ್ಲವೆಂದೇ ಅರ್ಥ. ನೀರು ಬಂದರೆ ಟ್ರ್ಯಾಪಿನ ಕಡೆ ನೋಡತಕ್ಕದ್ದು.

ವೆಂಟನ್ನು ಪರೀಕ್ಷಿಸಲು ಬೆಳಗಿನ ಹೊತ್ತೇ ಲೇಸು. ತಣ್ಣನೆಯ ಯಂತ್ರಕ್ಕೆ ಉಗಿ ಬಿಟ್ಟಾಗ ಅದರ ಬಾಯಿಂದ ಗಾಳಿ ಜೋರಾಗಿ ಬರಬೇಕು, ಉಗಿ ತಲುಪಿದೊಡನೆ ನಿಲ್ಲಬೇಕು. ಮೊದಲಿಗೇ ಏನೂ ಬಾರದಿದ್ದರೆ ಅದು ಮುಚ್ಚಿಕೊಂಡೇ ಕೆಟ್ಟಿದೆ. ಬಿಸಿಯಾದ ಮೇಲೂ ಉಗಿ ನಿಲ್ಲದಿದ್ದರೆ ತೆರೆದುಕೊಂಡೇ ಕೆಟ್ಟಿದೆ. ನಾವು ನೋಡಿದಲ್ಲಿ ಎರಡು ವೆಂಟುಗಳ ಬಾಯಿಗೆ ಗಡಸು ನೀರಿನ ಗಾರೆ ಮತ್ತು ತುಕ್ಕು ಕಟ್ಟಿತ್ತು. ಒಂದಕ್ಕೆ ದೀಪಾವಳಿಯ ಬಣ್ಣ ಬಳಿಯುವಾಗ ಬಾಯಿ ಸಮೇತ ಬಳಿದುಬಿಟ್ಟಿದ್ದರು. ಇನ್ನೊಂದರ ಡಬ್ಬಿ ನೀರಿನ ಹೊಡೆತಕ್ಕೆ ಒಡೆದು ಉಗಿ ಸೋರುತ್ತಿತ್ತು. ಸೋರಿಕೆ ನಿಲ್ಲಿಸಲು ಕೆಲಸಗಾರರು ಅದರ ಹಿಂದಿನ ಕವಾಟವನ್ನೇ ಮುಚ್ಚಿದ್ದರು. ಅವರನ್ನು ದೂಷಿಸಲಾಗದು. ಸೋರುವ ಉಗಿ ಕಣ್ಣಿಗೆ ಕಾಣುತ್ತದೆ, ಸಿಕ್ಕಿಕೊಂಡ ಗಾಳಿ ಕಾಣುವುದಿಲ್ಲ. ಮತ್ತೊಂದು ವೆಂಟ್ ಕೆಟ್ಟಿರಲೇ ಇಲ್ಲ. ಆದರೆ ಅದನ್ನು ಕೂರಿಸಿದ್ದು ಉಗಿ ಪ್ರವೇಶಿಸುವ ತುದಿಯಲ್ಲಿ. ಉಗಿ ತಾಗಿದೊಡನೆ ಅದು ತನ್ನ ಧರ್ಮದಂತೆ ಬಾಯಿ ಮುಚ್ಚುತ್ತಿತ್ತು, ಗಾಳಿ ಇನ್ನೊಂದು ತುದಿಯಲ್ಲಿ ನೆಮ್ಮದಿಯಾಗಿತ್ತು.

ಗಾರೆ ಕೆರೆದು, ಡಬ್ಬಿಗಳನ್ನು ಬದಲಿಸಿ, ಮುಂದೆ ಜಾಲರಿ ಕೂರಿಸಿ, ತಪ್ಪು ಜಾಗದ್ದನ್ನು ದೂರದ ತುದಿಗೆ ಒಯ್ದದ್ದಾಯಿತು. ಒಣಗಿಸುವ ಅವಧಿ ಹಿಂದಿನ ಮಟ್ಟಕ್ಕೆ ಮರಳಿತು. ಸಾಲದ ಅರ್ಜಿ ಬ್ಯಾಂಕಿಗೆ ಹೋಗಲಿಲ್ಲ.

ಸೋರುವ ವೆಂಟನ್ನು ಹಾಗೆಯೇ ಬಿಡುವುದೂ ಅಗ್ಗವಲ್ಲ. 3 ಕೆ.ಜಿ. ಒತ್ತಡದಲ್ಲಿ 3 ಮಿಲಿಮೀಟರ್ ರಂಧ್ರದಿಂದ ಗಂಟೆಗೆ ಸುಮಾರು 15 ಕಿಲೋ ಉಗಿ ಹೋಗುತ್ತದೆ, ಹಗಲಿರುಳು ನಡೆದರೆ ದಿನಕ್ಕೆ 360 ಕಿಲೋ. ಒಂದು ಕಿಲೋ ಹೊಟ್ಟಿಗೆ 3 ಕಿಲೋ ಉಗಿ ಎಂದು ಹಿಡಿದರೆ ದಿನಕ್ಕೆ 120 ಕಿಲೋ ಹೊಟ್ಟು. 200 ದಿನ ನಡೆಯುವ ಗಿರಣಿಗೆ 24 ಟನ್. ತಮ್ಮ ಊರಿನ ದರವನ್ನು ಓದುಗರೇ ಹಾಕಿ ಗುಣಿಸಿಕೊಳ್ಳಬಹುದು. ಬಳ್ಳಾರಿಯ ಜೀನ್ಸ್ ತೊಳೆಯುವ ಘಟಕಗಳಲ್ಲಿ ಉಗಿಯಿಂದ ಬಟ್ಟೆ ಒಣಗಿಸುವವರಿಗೂ ಇದೇ ಲೆಕ್ಕ, ಸೌದೆಯಾದರೆ ಸೌದೆಯ ದರ.

ಒಂದು ಎಚ್ಚರಿಕೆ. ಉಗಿ ಹೊರಬೀಳುವ ಬಾಯಿಯ ಹತ್ತಿರ ಅದು ಕಣ್ಣಿಗೆ ಕಾಣುವುದಿಲ್ಲ, ಬಿಳಿಯ ಹೊಗೆಯಂತೆ ಕಾಣುವುದು ಸ್ವಲ್ಪ ದೂರದಲ್ಲಿ. ಮುಖ ಒಡ್ಡಬಾರದು, ಕೈಗವಸಿಲ್ಲದೆ ನಲ್ಲಿ ಮುಟ್ಟಬಾರದು. ವೆಂಟನ್ನು ಬಿಚ್ಚುವ ಮುನ್ನ ಉಗಿ ನಿಲ್ಲಿಸಿ, ಒತ್ತಡ ಪೂರ್ತಿ ಇಳಿಸಿ, ತಣಿಯಲು ಬಿಡಬೇಕು. 1923ರ ಕಾಯ್ದೆಯ ಸ್ಥಾನದಲ್ಲಿ ಈಗ 2025ರ ಬಾಯ್ಲರ್ ಕಾಯ್ದೆ ಬಂದಿದೆ. ಬಾಯ್ಲರ್‌ನ ಮೇಲಾಗಲಿ ಅದರ ಮುಖ್ಯ ಉಗಿ ಕೊಳವೆಯ ಮೇಲಾಗಲಿ ಬೆಸುಗೆ ಕೆಲಸವನ್ನು ಊರಿನ ವೆಲ್ಡಿಂಗ್ ಅಂಗಡಿಯವರಿಂದ ಮಾಡಿಸತಕ್ಕದ್ದಲ್ಲ.

ಕೊನೆಗೆ ನನ್ನ ವೃತ್ತಿಯ ಮಾತು. ವೆಂಟಿನ ರಿಪೇರಿ ಖರ್ಚು ಆ ವರ್ಷದ ಲಾಭದಿಂದಲೇ ಕಳೆಯುತ್ತದೆ. ಹೊಸ ಬಾಯ್ಲರ್ ಬಂಡವಾಳ ವೆಚ್ಚವಾದುದರಿಂದ ಸವಕಳಿಯ ರೂಪದಲ್ಲಿ ವರ್ಷವರ್ಷವೂ ಸ್ವಲ್ಪಸ್ವಲ್ಪ ಮಾತ್ರ. ಆದುದರಿಂದ ಬಾಯ್ಲರ್ ಮನೆಯ ಗೋಡೆಗೆ ಒಂದು ಪುಸ್ತಕ ತೂಗುಹಾಕಿರಿ. ದಿನಕ್ಕೆ ಎಷ್ಟು ಕ್ವಿಂಟಲ್ ಭತ್ತ ಒಣಗಿತು, ಎಷ್ಟು ಗಂಟೆ ಹಿಡಿಯಿತು, ಎಷ್ಟು ಬುಟ್ಟಿ ಹೊಟ್ಟು ಉರಿಯಿತು, ರೇಡಿಯೇಟರಿನ ಎರಡೂ ತುದಿಗಳ ಉಷ್ಣತೆ ಎಷ್ಟು ಎಂದು ಬರೆಸಿರಿ. ತಿಂಗಳ ಲೆಕ್ಕ ತರುವಾಗ ಆ ಪುಸ್ತಕವನ್ನೂ ತಮ್ಮ ಲೆಕ್ಕಪರಿಶೋಧಕರ ಮೇಜಿನ ಮೇಲಿಡಿರಿ.