ಅಲ್ಟ್ರಾ ಓಟದಲ್ಲಿ ಹೆಣ್ಮಕ್ಕಳು ಯಾಕಿಷ್ಟು ಕಡಿಮೆ? ತೊಂದರೆ ಕಾಲಲ್ಲಿಲ್ಲ, ರೂಲ್‌ಬುಕ್‌ನಲ್ಲಿದೆ

ಈ ವಾರದ ವಿಷಯ ಅಲ್ಟ್ರಾ ಮ್ಯಾರಥಾನ್.

ಮೊದಲು ಬೇಸಿಕ್ಸ್. ಮ್ಯಾರಥಾನ್ ಅಂದ್ರೆ 42.195 ಕಿ.ಮೀ. ಅದಕ್ಕಿಂತ ಉದ್ದ ಇರೋದೆಲ್ಲ ಅಲ್ಟ್ರಾ. 50 ಕಿ.ಮೀ., 100 ಕಿ.ಮೀ., 100 ಮೈಲಿ, ಇಲ್ಲಾಂದ್ರೆ 24 ಗಂಟೆಯಲ್ಲಿ ಎಷ್ಟು ದೂರ ಓಡ್ತೀರೋ ಅಷ್ಟು. ಇದರಲ್ಲಿ ಹೆಚ್ಚಿನವರು ಪೂರ್ತಿ ದೂರ ಓಡಲ್ಲ. ಏರು ಬಂದ್ರೆ ನಡೀತಾರೆ, ಮಧ್ಯೆ ಕೂತು ತಿಂತಾರೆ, ಎದ್ದು ಮತ್ತೆ ಹೊರಡ್ತಾರೆ. ಇಲ್ಲಿ ವೇಗಕ್ಕಿಂತ ತಾಳ್ಮೆ ಮುಖ್ಯ.

ತಾಳ್ಮೆ ಅಂದ ಕೂಡಲೇ ನನಗೆ ನೆನಪಾಗೋದು ಜಾಸ್ಮಿನ್ ಪ್ಯಾರಿಸ್. ಬ್ರಿಟನ್ನಿನ ಪಶುವೈದ್ಯೆ. 2019ರಲ್ಲಿ ಬ್ರಿಟನ್ನಿನ ಸ್ಪೈನ್ ರೇಸ್‌ನ 268 ಮೈಲಿಯನ್ನ 83 ಗಂಟೆ 12 ನಿಮಿಷದಲ್ಲಿ ಮುಗಿಸಿದರು. ಹೆಂಗಸರಲ್ಲಿ ಮೊದಲಲ್ಲ, ಒಟ್ಟಾರೆ ಮೊದಲು. ಆಗ ಅವರಿಗೆ ಎಳೆ ಮಗು. ಚೆಕ್‌ಪಾಯಿಂಟ್‌ಗಳಲ್ಲಿ ನಿಂತು ಎದೆಹಾಲು ತೆಗೆದು ಮುಂದೆ ಹೋಗ್ತಿದ್ದರು. 2024ರ ಮಾರ್ಚ್‌ನಲ್ಲಿ ಅಮೆರಿಕದ ಟೆನ್ನೆಸ್ಸಿಯ ಬಾರ್ಕ್ಲಿ ಮ್ಯಾರಥಾನ್ಸ್ ಮುಗಿಸಿದ ಮೊದಲ ಮಹಿಳೆಯೂ ಇವರೇ. ಕೊಟ್ಟಿದ್ದ ಸಮಯ 60 ಗಂಟೆ, ಇವರು ಗೇಟ್ ಮುಟ್ಟಿದಾಗ ಉಳಿದಿದ್ದು ಬರೀ 99 ಸೆಕೆಂಡ್.

ಹಾಗಂತ ದೂರ ಹೆಚ್ಚಾದ್ರೆ ಹೆಂಗಸರೇ ಗೆಲ್ತಾರೆ ಅಂತಲ್ಲ. ಮ್ಯಾರಥಾನ್‌ನಲ್ಲಿ ಅಗ್ರ ಓಟಗಾರರ ನಡುವೆ ಹೆಚ್ಚುಕಡಿಮೆ 10 ಶೇಕಡಾ ವ್ಯತ್ಯಾಸ ಇದೆ. ಆದರೆ ಶುರುವಿನ ವೇಗವನ್ನ ಕೊನೆವರೆಗೂ ಕಾಪಾಡಿಕೊಳ್ಳೋದರಲ್ಲಿ ಸರಾಸರಿ ಹೆಂಗಸರು ಗಂಡಸರಿಗಿಂತ ಮುಂದೆ. ಅಂದ್ರೆ ಅಲ್ಟ್ರಾ ಓಡೋಕೆ ಬೇಕಾದ ಗುಣ ಇದ್ದೇ ಇದೆ. ಹಾಗಿದ್ರೂ ಆಲ್ಪ್ಸ್ ಬೆಟ್ಟಗಳಲ್ಲಿ ನಡೆಯೋ ಪ್ರಸಿದ್ಧ ಯುಟಿಎಂಬಿಯ ಸುಮಾರು 170 ಕಿ.ಮೀ. ಓಟದಲ್ಲಿ ಹೆಂಗಸರು ನೂರಕ್ಕೆ ಹತ್ತರ ಆಸುಪಾಸು. ಯಾಕೆ?

ಒಂದು ಕಾರಣ ಚರಿತ್ರೆ. ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಓಟ ಶುರುವಾಗಿದ್ದು 1921ರಲ್ಲಿ. ಹೆಂಗಸರಿಗೆ ಅಧಿಕೃತ ಪ್ರವೇಶ ಸಿಕ್ಕಿದ್ದು 1975ರಲ್ಲಿ. ಒಲಿಂಪಿಕ್ಸ್‌ನಲ್ಲಿ ಗಂಡಸರ ಮ್ಯಾರಥಾನ್ 1896ರಿಂದ ಇದೆ, ಹೆಂಗಸರದು ಬಂದಿದ್ದು 1984ರಲ್ಲಿ. ನಮ್ಮ ಅಮ್ಮಂದಿರು ಹುಟ್ಟಿದ ಮೇಲೆ ತೆರೆದ ಬಾಗಿಲು ಇದು.

ಎರಡನೇ ಕಾರಣ ನಿಯಮಗಳು. ನಾನು ಓದಿದ್ದು ಬಿ.ಕಾಂ., ಹಾಗಾಗಿ ಯಾವ ಫಾರ್ಮ್ ಸಿಕ್ಕಿದ್ರೂ ಮೊದಲು ಟರ್ಮ್ಸ್ ಅಂಡ್ ಕಂಡಿಷನ್ಸ್ ಓದ್ತೀನಿ. ನಮ್ಮ ಅಕ್ಕ ಒಮ್ಮೆ ಒಂದು 50 ಕಿ.ಮೀ. ಓಟಕ್ಕೆ ದುಡ್ಡು ಕಟ್ಟಿದ್ದಳು. ಓಟ ಇನ್ನೂ ಐದು ತಿಂಗಳು ಇರುವಾಗ ಬಸುರಿ ಅಂತ ಗೊತ್ತಾಯ್ತು. ಆಯೋಜಕರಿಗೆ ಮೇಲ್ ಹಾಕಿದಳು. ಬಂದ ಉತ್ತರ ಒಂದೇ ಸಾಲು: ಹಣ ವಾಪಸ್ ಇಲ್ಲ, ಬೇರೆಯವರ ಹೆಸರಿಗೆ ಬದಲಾವಣೆ ಇಲ್ಲ, ಮುಂದಿನ ವರ್ಷಕ್ಕೆ ವರ್ಗಾವಣೆ ಇಲ್ಲ. ಅಕ್ಕನಿಗೆ ದುಡ್ಡಿಗಿಂತ ಹೆಚ್ಚು ನೋವಾಗಿದ್ದು ಬೇರೆ ಮಾತಿಗೆ. 'ಇದು ನಮ್ಮಂಥೋರಿಗಲ್ಲ ಕಣೋ' ಅಂದಳು.

ಇದೇ ಸಮಸ್ಯೆ ಜಗತ್ತಿಗೆ ಕಂಡಿದ್ದು 2018ರಲ್ಲಿ. ಬ್ರಿಟನ್ನಿನ ಸೋಫಿ ಪವರ್ ಮೂರು ತಿಂಗಳ ಕೂಸಿನ ತಾಯಿ. ಯುಟಿಎಂಬಿ ಮಧ್ಯೆ ಇಟಲಿಯ ಕೂರ್ಮಾಯೂರ್‌ನಲ್ಲಿ ಕೂತು ಮಗುವಿಗೆ ಹಾಲು ಕುಡಿಸ್ತಿರೋ ಅವರ ಫೋಟೋ ವೈರಲ್ ಆಯ್ತು. ಎಲ್ಲರೂ 'ಎಂಥಾ ತಾಯಿ' ಅಂದರು. ಅವರ ಮಾತು ಬೇರೇನೇ ಇತ್ತು. ಬಸುರಿಗೆ ಸೀಟನ್ನ ಮುಂದೂಡೋ ನಿಯಮ ಆಗ ಅಲ್ಲಿರಲಿಲ್ಲ, ಗಾಯ ಆದವರಿಗೆ ಇತ್ತು. ಮೊದಲ ಬಸುರಿನಲ್ಲಿ ಅವರು ಒಮ್ಮೆ ಸೀಟು ಕಳ್ಕೊಂಡಿದ್ದರು. ಆಮೇಲೆ ಯುಟಿಎಂಬಿ ನಿಯಮ ಬದಲಾಯಿಸಿತು. ಕ್ಯಾಲಿಫೋರ್ನಿಯಾದ ವೆಸ್ಟರ್ನ್ ಸ್ಟೇಟ್ಸ್ 100 ಮೈಲಿ ಓಟದಲ್ಲೂ ಈಗ ಈ ಅವಕಾಶ ಇದೆ. ಸೋಫಿ 2022ರಲ್ಲಿ 'ಶೀರೇಸಸ್' ಅನ್ನೋ ಸಂಸ್ಥೆ ಕಟ್ಟಿ ಇಂಥ ನಿಯಮಗಳಿಗಾಗಿ ಆಯೋಜಕರ ಜೊತೆ ಕೆಲಸ ಮಾಡ್ತಿದ್ದಾರೆ.

ಲೆಕ್ಕ ಹಾಕಿ ನೋಡಿ. ಸೀಟು ಮುಂದೂಡಿದ್ರೆ ಆಯೋಜಕರಿಗೆ ನಷ್ಟ ಎಷ್ಟು? ಈ ವರ್ಷ ಖಾಲಿಯಾದ ಜಾಗಕ್ಕೆ ವೇಟಿಂಗ್ ಲಿಸ್ಟಿನವರು ದುಡ್ಡು ಕಟ್ತಾರೆ. ಮುಂದಿನ ವರ್ಷ ಒಂದು ಸೀಟು ಮೊದಲೇ ಬುಕ್ ಆಗಿರುತ್ತೆ. ಅಷ್ಟೇ.

ಟಾಯ್ಲೆಟ್ ಕೂಡ ಇದೇ ಲೆಕ್ಕಕ್ಕೆ ಬರುತ್ತೆ. ಹತ್ತು ಹನ್ನೆರಡು ಗಂಟೆ ತೋಟ, ಕಾಡು ದಾರಿಯಲ್ಲಿರೋ ಹೆಣ್ಣುಮಗಳಿಗೆ ಚೆಕ್‌ಪಾಯಿಂಟ್‌ನಲ್ಲಿ ಬಾಗಿಲು ಹಾಕಿಕೊಳ್ಳೋ ಜಾಗ, ಒಂದು ಪ್ಯಾಕೆಟ್ ಪ್ಯಾಡ್ ಇರಬೇಕು. ಇಲ್ಲಾಂದ್ರೆ ಏನಾಗುತ್ತೆ ಗೊತ್ತಾ? ಅವಳು ನೀರು ಕುಡಿಯೋದನ್ನೇ ಕಮ್ಮಿ ಮಾಡ್ತಾಳೆ. ಬಿಸಿಲಲ್ಲಿ ಅದು ನೇರವಾಗಿ ಆರೋಗ್ಯದ ಪ್ರಶ್ನೆ.

ಇನ್ನೊಂದು ಕಟ್-ಆಫ್. ಒಟ್ಟು ಸಮಯ ಧಾರಾಳವಾಗಿ ಕೊಟ್ಟು, ಮೊದಲ 20 ಕಿ.ಮೀ.ಗೆ ಬಿಗಿ ಗಡುವು ಇಟ್ರೆ, ನಿಧಾನವಾಗಿ ಶುರುಮಾಡಿ ಕೊನೆವರೆಗೂ ಅದೇ ಲಯದಲ್ಲಿ ಹೋಗೋರು ಮೊದಲೇ ಹೊರಗೆ ಬೀಳ್ತಾರೆ. ಗಡುವನ್ನ ದಾರಿಯುದ್ದಕ್ಕೂ ಸಮವಾಗಿ ಹಂಚಿದ್ರೆ ಸಾಕು.

ಮೂರನೇ ಕಾರಣ ಮನೆಯೊಳಗಿದೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಆ ಕೆಲಸ ಮಾಡೋ ಹೆಂಗಸರು ದಿನಕ್ಕೆ 289 ನಿಮಿಷ ಕೊಡ್ತಾರೆ, ಗಂಡಸರು 88. ವ್ಯತ್ಯಾಸ 201 ನಿಮಿಷ. ವಾರಕ್ಕೆ 23 ಗಂಟೆ ದಾಟುತ್ತೆ. 50 ಕಿ.ಮೀ.ಗೆ ತಯಾರಾಗೋಕೆ ವಾರಕ್ಕೆ ಆರೇಳು ಗಂಟೆ ಇದ್ರೂ ನಡೆಯುತ್ತೆ. ಅದರಲ್ಲಿ ಭಾನುವಾರದ ಉದ್ದದ ಓಟ ಬೆಳಗಿನ ಕತ್ತಲಲ್ಲೇ ಶುರುವಾಗಬೇಕು. ಆ ಹೊತ್ತಿಗೆ ಮನೆಯಲ್ಲಿ ಹಾಲು ಕಾಯಿಸೋರು ಯಾರು, ತಿಂಡಿ ಮಾಡೋರು ಯಾರು? ರಸ್ತೆಯಲ್ಲಿ ಜೊತೆಗೆ ಯಾರು? ಈ ಎರಡಕ್ಕೂ ಉತ್ತರ ಇಲ್ಲದೆ 'ನೀನೂ ಓಡು' ಅಂದ್ರೆ ಅದು ಬರೀ ಉಪದೇಶ.

ಹಾಗಾದ್ರೆ ಏನು ಮಾಡಬಹುದು? ಮನೆಯಲ್ಲಿರೋ ಗಂಡಸರಿಗೆ: ಭಾನುವಾರದ ಅಡುಗೆಮನೆ ನಿಮ್ಮದು ಅಂತ ಬರೆದುಕೊಳ್ಳಿ. ರನ್ನಿಂಗ್ ಗ್ರೂಪ್‌ನವರಿಗೆ: ಕತ್ತಲಲ್ಲಿ ಹೊರಡೋ ಓಟಕ್ಕೆ ನಾಲ್ಕೈದು ಹೆಣ್ಮಕ್ಕಳು ಒಟ್ಟಿಗೆ ಸೇರೋ ಜಾಗ, ಸಮಯ ಗೊತ್ತುಮಾಡಿ. ಯಾರೂ ಹಿಂದೆ ಒಂಟಿಯಾಗಿ ಉಳಿಯಬಾರದು.

ಓಡಬೇಕು ಅಂತಿರೋರಿಗೆ: ಮೊದಲು ರಕ್ತ ಪರೀಕ್ಷೆ. ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57 ಶೇಕಡಾ ಜನರಿಗೆ ರಕ್ತಹೀನತೆ ಇದೆ ಅಂತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತೆ. ಹಿಮೋಗ್ಲೋಬಿನ್ ಕಮ್ಮಿ ಇಟ್ಕೊಂಡು ದೂರ ಹೆಚ್ಚಿಸಬೇಡಿ. 10 ಕಿ.ಮೀ., ಹಾಫ್, ಮ್ಯಾರಥಾನ್, ಆಮೇಲೆ 50, ಈ ಕ್ರಮದಲ್ಲಿ ಒಂದೆರಡು ವರ್ಷ ಹಿಡಿದ್ರೂ ಪರವಾಗಿಲ್ಲ. ತರಬೇತಿ ಹೆಚ್ಚಾದಾಗ ಮುಟ್ಟು ನಿಂತ್ರೆ 'ಒಳ್ಳೇದೇ ಆಯ್ತು' ಅನ್ಕೋಬೇಡಿ. ದೇಹಕ್ಕೆ ಊಟ ಸಾಲ್ತಿಲ್ಲ ಅನ್ನೋದರ ಸೂಚನೆ ಇರಬಹುದು, ಡಾಕ್ಟರ್‌ಗೆ ತೋರಿಸಿ. ಓಟದಲ್ಲಿ ಬಾಳೆಹಣ್ಣು, ಚಿಕ್ಕಿ, ಉಪ್ಪು ಹಾಕಿದ ಬೇಯಿಸಿದ ಆಲೂಗಡ್ಡೆ ಧಾರಾಳ ಸಾಕು.

ಇದೆಲ್ಲ ಹೊರದೇಶದ ಕತೆ ಅನ್ನಿಸಿದ್ರೆ ಒಂದು ವಿಷಯ. 2022ರ ಜುಲೈನಲ್ಲಿ ಏಷ್ಯಾ-ಓಷಿಯಾನಿಯಾ 24 ಗಂಟೆ ಓಟದ ಚಾಂಪಿಯನ್‌ಶಿಪ್ ನಡೆದಿದ್ದು ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲೇ. ಭಾರತದ ಮಹಿಳಾ ತಂಡ ಎರಡನೇ ಸ್ಥಾನ ಪಡೆಯಿತು. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮಲ್ನಾಡ್ ಅಲ್ಟ್ರಾ ನಡೆಯುತ್ತೆ. ದಾರಿ ಇಲ್ಲೇ ಇದೆ.

ಈ ವಾರ ನಿಮಗೊಂದು ಚಿಕ್ಕ ಕೆಲಸ. ನಿಮ್ಮೂರಿನ ಯಾವುದಾದ್ರೂ ಓಟದ ಫಾರ್ಮ್ ತೆರೆದು, ಬಸುರಿಗೆ ಸೀಟು ಮುಂದೂಡ್ತೀರಾ, ಚೆಕ್‌ಪಾಯಿಂಟ್‌ನಲ್ಲಿ ಟಾಯ್ಲೆಟ್ ಇದೆಯಾ ಅಂತ ಒಂದು ಮೇಲ್ ಹಾಕಿ. ಓಡೋರು ಮಾತ್ರ ಅಲ್ಲ, ಓಡದೇ ಇರೋರೂ ಹಾಕಬಹುದು. ಒಬ್ಬರು ಕೇಳಿದ್ರೆ ದೂರು, ಐವತ್ತು ಜನ ಕೇಳಿದ್ರೆ ಅದು ಡಿಮ್ಯಾಂಡ್. ಬಂದ ಉತ್ತರವನ್ನ ನನಗೂ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.